ಫಲಕದ ಮೇಲಿನ ಐದು ಕುಟುಂಬಗಳು

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಏಳೂವರೆಗೆ ವಸತಿ ಸಂಸ್ಥೆಯ ಕಾರ್ಯದರ್ಶಿ ಠಾಣೆಗೆ ಬಂದ. ಅಂಗಿಗೆಲ್ಲ ಮಸಿ ಮೆತ್ತಿತ್ತು. ಕೂರಲು ಹೇಳಿದರೂ ಕೂರಲಿಲ್ಲ.

"ಆಫೀಸಿಗೆ ಬೆಂಕಿ ಇಟ್ಟಿದಾರೆ ಮೇಡಂ. ಹೊರಗಿನ ಫಲಕ ಪೂರ್ತಿ ಹೋಯ್ತು. ಅಲ್ಲಿಂದ ಕಿಟಕಿಗೆ ಹತ್ತಿ ಮುಂದಿನ ಕೋಣೆ ಸುಟ್ಟಿದೆ. ಕಾವಲಿನ ತಾತನ ಅಂಗೈ ಬೆಂದಿದೆ."

"ಯಾರ ಮೇಲಾದ್ರೂ ಅನುಮಾನ?"

"ಮನೆ ಸಿಗದೆ ಇರೋರು ಯಾರೋ. ಹೊಟ್ಟೆಕಿಚ್ಚು."

ಇನ್ಸ್‌ಪೆಕ್ಟರ್ ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದಳು. ಸಂಸ್ಥೆ ಆಕೆಗೆ ಹೊಸದಲ್ಲ. ಬಾಡಿಗೆ ಕಟ್ಟಲಾಗದೆ ಬೀದಿಗೆ ಬಿದ್ದು ಪಾಲಿಕೆಯ ರಾತ್ರಿ ತಂಗುದಾಣದಲ್ಲಿ ಮಲಗುವ ಕುಟುಂಬಗಳಿಗೆ ಕೈಗೆಟಕುವ ಮನೆ ಹುಡುಕಿಕೊಡುವುದು, ಮನೆ ಮಾಲೀಕರು ಒಪ್ಪದಿದ್ದರೆ ಜಾಮೀನು ನಿಲ್ಲುವುದು ಅದರ ಕೆಲಸ. ಎರಡು ತಿಂಗಳ ಹಿಂದೆ ಐದು ಕುಟುಂಬಗಳಿಗೆ ಬೀಗದ ಕೈ ಕೊಟ್ಟ ದಿನ ಆಕೆಯೇ ಮುಖ್ಯ ಅತಿಥಿ. ಅವತ್ತು ಒಂದೊಂದು ಕುಟುಂಬದ ಜೊತೆ ತೆಗೆದು, ಈಗ ಸುಟ್ಟುಹೋದ ಫಲಕಕ್ಕೆ ಹಾಕಿದ್ದ ಐದೂ ಫೋಟೋಗಳಲ್ಲಿ ಆಕೆಯೂ ಇದ್ದಳು.

ಎಂಟೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಎಲ್ಲರೂ ಮೀಸೆ ಎಂದೇ ಕರೆಯುವ ಹೆಡ್ ಕಾನ್‌ಸ್ಟೇಬಲ್, ಪಕ್ಕದ ಪಾತ್ರೆ ಅಂಗಡಿಯವನನ್ನೂ ಎದುರಿನ ಚಪ್ಪಲಿ ಹೊಲಿಯುವವನನ್ನೂ ಪಂಚರಾಗಿ ಕರೆತಂದ.

"ಕೋರ್ಟಿಗೆಲ್ಲ ಅಲೀಬೇಕಾಗುತ್ತಾ?" ಪಾತ್ರೆ ಅಂಗಡಿಯವನು ಹಿಂಜರಿದ.

"ನೋಡಿದ್ದಕ್ಕೆ ಸಹಿ ಹಾಕಪ್ಪ. ಹೆಣ್ಣು ಕೊಡು ಅಂತೇನೂ ಕೇಳ್ತಿಲ್ಲ," ಎಂದ ಮೀಸೆ.

ಫಲಕದ ಕಬ್ಬಿಣದ ಚೌಕಟ್ಟು ಮಾತ್ರ ಉಳಿದಿತ್ತು. ಬುಡದಲ್ಲಿ ಸೀಮೆಎಣ್ಣೆ ವಾಸನೆ. ಮನೆಗಾಗಿ ಕಾಯುತ್ತಿದ್ದ ಕುಟುಂಬಗಳು ಮುಂದಿನ ಕೋಣೆಯಲ್ಲಿ ಇಟ್ಟುಹೋಗಿದ್ದ ಚೀಲಗಳು ಈಗ ರಸ್ತೆಯ ಆಚೆ ಬದಿಯ ಗೋಡೆಗೆ ಒರಗಿದ್ದವು. ಭಾರದವು ಕೆಳಗೆ, ಹಗುರವು ಮೇಲೆ, ಎಲ್ಲದರ ಹಿಡಿಯೂ ರಸ್ತೆಯ ಕಡೆಗೆ. ಮಕ್ಕಳ ಪುಟ್ಟ ಚೀಲಗಳು ಎಲ್ಲಕ್ಕಿಂತ ಮೇಲೆ.

"ಕದಿಯೋಕೆ ತಂದು, ಜನ ಬಂದ್ರು ಅಂತ ಬಿಟ್ಟು ಓಡಿರ್ಬೇಕು," ಎಂದ ಕಾರ್ಯದರ್ಶಿ.

"ಕಳ್ಳ ಇಷ್ಟು ಚೆನ್ನಾಗಿ ಜೋಡಿಸ್ತಾನಾ?" ಇನ್ಸ್‌ಪೆಕ್ಟರ್ ಚೀಲಗಳ ಫೋಟೋ ತೆಗೆಸಿದಳು.

ಆಸ್ಪತ್ರೆಯಲ್ಲಿ ಕಾವಲಿನ ತಾತ ಎರಡೂ ಕೈಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಕೂತಿದ್ದ.

"ಏನು ನೋಡಿದ್ರಿ ತಾತ?"

"ಒಬ್ಬ ಗಂಡಸು. ಚೀಲ ಹೊತ್ತು ಹೊತ್ತು ಹೊರಗೆ ಹಾಕ್ತಿದ್ದ. ಕಳ್ಳ ಅಂತ ಕೂಗ್ದೆ. ಓಡ್ಲಿಲ್ಲ ಕಣಮ್ಮ. ಇನ್ನೂ ಇದಾವೆ ಅಂತ ಮತ್ತೆ ಒಳಗೆ ನುಗ್ಗಿದ. ನಾನೂ ಹೋಗಿ ಬಾಗಿಲ ಜಾಲರಿ ಹಿಡ್ಕೊಂಡೆ, ಕೆಂಡ ಆಗಿತ್ತು."

"ಮುಖ?"

"ಆ ಹೊಗೇಲಿ ನಮ್ಮ ಹೆಂಗಸೇ ಬಂದಿದ್ರೂ ಯಾರಮ್ಮ ನೀನು ಅಂತಿದ್ದೆ."

ತಂಗುದಾಣಕ್ಕೆ ಹೋದಾಗ ಹತ್ತೂವರೆ. ಹಗಲು ಅಲ್ಲಿ ಯಾರೂ ಇರುವಂತಿಲ್ಲ. ಖಾಲಿ ಹಜಾರವನ್ನು ಒಬ್ಬಾಕೆ ಒರೆಸುತ್ತಿದ್ದಳು. ಗೋಡೆಯುದ್ದಕ್ಕೂ ಹಗಲಿಗೆ ಬಿಟ್ಟುಹೋದ ಚೀಲಗಳು, ಹಿಡಿಗಳೆಲ್ಲ ಹೊರಕ್ಕೆ, ಮಕ್ಕಳವು ಮೇಲೆ.

"ಹೀಗೇ ಇಡ್ಬೇಕು ಅಂತ ಯಾರು ಹೇಳಿದ್ದು?"

"ಯಾರೂ ಹೇಳಲ್ಲ ಮೇಡಂ. ಏಳಿ ಅಂದ ತಕ್ಷಣ ಕೈಗೆ ಸಿಗ್ಬೇಕಲ್ಲ. ಅಭ್ಯಾಸ ಆಗ್ಬಿಡುತ್ತೆ. ಮನೆ ಸಿಕ್ಕಿ ಹೋದೋರೂ ಇನ್ನೂ ಹಿಂಗೇ ಇಡ್ತಾರಂತೆ."

ರಾತ್ರಿ ಹಾಕಿದ ತಂಗುದಾಣದ ಗೇಟು ತೆರೆಯುವುದು ಬೆಳಿಗ್ಗೆ ಆರಕ್ಕೆ. ಬೆಂಕಿ ಬಿದ್ದದ್ದು ಅದಕ್ಕೂ ಮುಂಚೆ. ಒಳಗಿದ್ದವರು ಯಾರೂ ಹೊರಗೆ ಬಂದಿರಲು ಸಾಧ್ಯವಿಲ್ಲ. ಹಾಗಾದರೆ ಇಲ್ಲಿದ್ದು ಹೋದವರು.

"ಮನೆ ಕೊಟ್ಟೋರಿಗೇ ಬೆಂಕಿ ಇಡ್ತಾರಾ ಮೇಡಂ?" ಜೀಪಿನಲ್ಲಿ ಮೀಸೆ ಕೇಳಿದ.

"ಸೀಮೆಎಣ್ಣೆ ಸುರಿದಿದ್ದು ಆಫೀಸಿಗಲ್ಲ. ಫಲಕಕ್ಕೆ."

ಐದು ಕುಟುಂಬಗಳ ವಿಳಾಸ ಕೇಳಿ ಫೋನ್ ಮಾಡಿದಾಗ ಕಾರ್ಯದರ್ಶಿಯ ದನಿ ಗಡುಸಾಯಿತು. "ಅವರಲ್ಲೇ ಯಾರಾದ್ರೂ ಆದ್ರೆ ಮನೆ ವಾಪಸ್ ಮೇಡಂ. ಪೊಲೀಸ್ ಕೇಸಾದ್ರೆ ಜಾಮೀನು ಹಿಂದಕ್ಕೆ ತಗೋತೀವಿ. ಅದು ನಿಯಮ."

ನಾಲ್ಕು ಮನೆಗಳನ್ನು ನೋಡಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಯಾರ ಮೈಮೇಲೂ ಸುಟ್ಟ ಗುರುತಿರಲಿಲ್ಲ. ಅವರಲ್ಲೊಬ್ಬಳು, ಗಾರೆ ಕೆಲಸದವಳು, ಬಾಗಿಲಲ್ಲೇ ನಿಂತು ಹೇಳಿದಳು: "ಸುಟ್ಟಿದ್ದು ಯಾರು ಅಂತ ಗೊತ್ತಾದ್ರೆ ಕರ್ಕೊಂಬನ್ನಿ ಮೇಡಂ. ಒಂದು ಲೋಟ ಕಾಫಿ ಕೊಡ್ತೀನಿ."

ಐದನೆಯವನು ಕ್ಷೌರಿಕ. ಅವನದು ಹತ್ತಿರದ ವಿಳಾಸ. ಆದರೂ ಇನ್ಸ್‌ಪೆಕ್ಟರ್ ಅದನ್ನು ಕೊನೆಗೆ ಇಟ್ಟುಕೊಂಡಿದ್ದಳು. ಏಕೆಂದು ಮೀಸೆ ಕೇಳಲಿಲ್ಲ.

ಸಲೂನಿನಲ್ಲಿ ಮೂರು ಕುರ್ಚಿ. ಎರಡರಲ್ಲಿ ಗಿರಾಕಿಗಳಿದ್ದರು, ಬೆಂಚಿನ ಮೇಲೆ ಇನ್ನೂ ನಾಲ್ವರು ಕಾಯುತ್ತಿದ್ದರು. ಮೂರನೆಯ ಕುರ್ಚಿ ಖಾಲಿ. ಅದರ ಹಿಂದೆ ನಿಂತವನು ತುಂಬುತೋಳಿನ ಅಂಗಿಯ ಗುಂಡಿ ಹಾಕಿಕೊಂಡು, ಆಗಲೇ ಹೊಳೆಯುತ್ತಿದ್ದ ಕನ್ನಡಿಯನ್ನು ಒರೆಸುತ್ತಿದ್ದ. ಮೀಸೆ ಹೋಗಿ ಆ ಕುರ್ಚಿಯಲ್ಲಿ ಕೂತ.

"ಇದನ್ನ ಸ್ವಲ್ಪ ಸರಿಮಾಡಣ್ಣ. ಹುಷಾರು, ಇದು ಹೋದ್ರೆ ಠಾಣೇಲಿ ನನ್ನ ಯಾರೂ ಗುರುತು ಹಿಡಿಯಲ್ಲ."

ಬೆಂಚಿನಲ್ಲಿ ಯಾರೋ ನಕ್ಕರು. ಕ್ಷೌರಿಕ ಕತ್ತರಿ ಎತ್ತಿದ. ಅಂಗಿಯ ತೋಳು ಹಿಂದೆ ಸರಿಯಿತು. ಮುಂಗೈ ಮೇಲೆ ಒಂದು ಕೂದಲೂ ಇರಲಿಲ್ಲ, ಚರ್ಮದ ತುಂಬ ಬೊಬ್ಬೆ.

ಇನ್ಸ್‌ಪೆಕ್ಟರ್ ಏನೂ ಕೇಳಬೇಕಾಗಲಿಲ್ಲ. ಅವನು ಕತ್ತರಿ ಕೆಳಗಿಟ್ಟ. "ಹೊರಗೆ ಹೋಗಿ ಮಾತಾಡೋಣ ಮೇಡಂ. ಇಲ್ಲಿ ಬೇಡ."

ಮೊದಲು ಬೊಬ್ಬೆಗೆ ಔಷಧಿ ಹಾಕಿಸಿದರು. ಆಮೇಲೆ ಠಾಣೆಯಲ್ಲಿ ಹೇಳಿಕೆ.

"ಯಾಕೆ ಮಾಡ್ದೆ?"

"ಫಲಕ ನಿಂತ ಮೇಲೆ ನನ್ನ ಕುರ್ಚಿಗೆ ಯಾರೂ ಕೂರಲ್ಲ. ಕೈ ತೊಳ್ಕೊಂಡ್ಯಾ ಅಂತ ಕೇಳ್ತಾರೆ. ಮಗಳನ್ನ ಕ್ಲಾಸಲ್ಲಿ ಫಲಕದ ಹುಡುಗಿ ಅಂತಾರಂತೆ."

"ತೆಗೀರಿ ಅಂತ ಹೇಳ್ಬೇಕಿತ್ತು."

"ಹೇಳ್ದೆ. ಅದನ್ನ ನೋಡೇ ಜನ ಸಹಾಯ ಮಾಡೋದು, ನಿಮ್ಮ ಹಾಗೇ ಇನ್ನೊಂದು ಕುಟುಂಬಕ್ಕೆ ಮನೆ ಆಗುತ್ತೆ ಅಂದ್ರು. ಅದಕ್ಕೆ ಬೇಡ ಅನ್ನೋಕೆ ನನಗೆ ಬಾಯಿ ಬರುತ್ತಾ ಮೇಡಂ? ಫಲಕ ಒಂದೇ ಸುಡುತ್ತೆ ಅನ್ಕೊಂಡೆ. ಗಾಳಿ ತಿರುಗ್ತು. ಆ ತಾತನ ಕೈ ಹೇಗಿದೆ?"

"ವಾಸಿಯಾಗುತ್ತೆ. ಫೋಟೋ ತೆಗೆದದ್ದು ನಿನ್ನ ಒಪ್ಪಿಗೆ ಮೇಲೇ ಅಲ್ವಾ?"

ಅವನು ತಲೆಯೆತ್ತಿ ನೋಡಿದ. "ಅವತ್ತು ನೀವೂ ಇದ್ರಲ್ಲ ಮೇಡಂ."

ಆಕೆ ಇದ್ದಳು. ಅವನು ಮಡಿಕೆಯ ಗೆರೆ ಇನ್ನೂ ಹೋಗದ ಹೊಸ ತಿಳಿನೀಲಿ ಅಂಗಿ ಹಾಕಿಕೊಂಡು ಬಂದಿದ್ದ. ಈ ಬಟ್ಟೆಯಲ್ಲಿ ಬೀದಿಯವರ ಹಾಗೆ ಕಾಣುವುದಿಲ್ಲ ಎಂದು ಫೋಟೋದವನು ಗೊಣಗಿದ. ಹಳೆಯದನ್ನು ಹಾಕಿಕೊಳ್ಳಲು ಕಾರ್ಯದರ್ಶಿ ಹೇಳಿದ. ಹೆಂಡತಿ, ಮಗಳು, ಅಷ್ಟು ಜನರ ಎದುರು ಅವನು ಅಂಗಿ ಬಿಚ್ಚಿ, ಕಂಕುಳಲ್ಲಿ ಹರಿದಿದ್ದ ಹಳೆಯದನ್ನು ಚೀಲದಿಂದ ತೆಗೆದು ಹಾಕಿಕೊಂಡ. ಬೀಗದ ಕೈ ಹಿಡಿದು ನಿಂತಿದ್ದ ಇನ್ಸ್‌ಪೆಕ್ಟರಿಗೆ ಮೀಟಿಂಗಿಗೆ ತಡವಾಗುತ್ತಿತ್ತು.

ಸಂಜೆ ಆರು ಹತ್ತಕ್ಕೆ ಬಂಧನ ದಾಖಲಾಯಿತು. ಹೊರಗಿನ ಬೆಂಚಿನಲ್ಲಿ ಅವನ ಹೆಂಡತಿ ಕೂತಿದ್ದಳು. ಇನ್ಸ್‌ಪೆಕ್ಟರನ್ನು ಕಂಡು ಎದ್ದಳು.

"ಮನೆ ಹೋಗುತ್ತಾ ಮೇಡಂ?"

"ಉಳಿಯುತ್ತೆ ಅಂತ ಮಾತು ಕೊಡೋಕಾಗಲ್ಲಮ್ಮ. ಕೇಸೂ ನಿಲ್ಲಲ್ಲ. ಆದ್ರೆ ಸಂಸ್ಥೆಯ ಸಮಿತಿ ಮುಂದೆ ನಾನೇ ಬಂದು ನಡೆದದ್ದು ಹೇಳ್ತೀನಿ."

ಅವಳು ಕೈ ಮುಗಿಯಲು ಹೋದಳು. ಇನ್ಸ್‌ಪೆಕ್ಟರ್ ತಡೆದು ಬೇಗ ಬೇಗ ಒಳಗೆ ಬಂದುಬಿಟ್ಟಳು.

ತನಿಖೆಯನ್ನು ಬೇರೊಬ್ಬ ಅಧಿಕಾರಿಗೆ ವಹಿಸಬೇಕು, ತಾನು ಈ ಪ್ರಕರಣದಲ್ಲಿ ಸಾಕ್ಷಿ ಎಂದು ಮೇಲಧಿಕಾರಿಗೆ ಪತ್ರ ಬರೆಸತೊಡಗಿದಾಗ ಮೀಸೆಗೆ ತಡೆಯಲಾಗಲಿಲ್ಲ.

"ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀರ ಮೇಡಂ? ಒಪ್ಕೊಂಡಿದಾನಲ್ಲ."

"ಮಾಡಿದ್ದನ್ನ ಒಪ್ಕೊಂಡಿದಾನೆ. ಅವನಿಗೆ ನಾವು ಮಾಡಿದ್ದನ್ನ ಒಪ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ. ಬರಿ."

ಅಂಗಿ ಬಿಚ್ಚಿಸಿದ ವಿಷಯ, ಹೇಳಿದವರು ಯಾರು, ನೋಡಿದವರು ಯಾರು, ಎಲ್ಲವನ್ನೂ ಆಕೆ ಹೇಳುತ್ತ ಹೋದಳು. ಮೀಸೆ ತಲೆ ತಗ್ಗಿಸಿ ಬರೆದ.

"ಆಗ ನೀವೇನು ಮಾಡಿದ್ರಿ ಅಂತ ಬರೀಲಿ ಮೇಡಂ? ಸುಮ್ಮನಿದ್ದೆ ಅಂತಲಾ?"

"ಸುಮ್ಮನಿರ್ಲಿಲ್ಲ." ಆಕೆ ಕಿಟಕಿಯ ಕಡೆ ತಿರುಗಿ ನಿಂತಳು. "ಬೇಗ ಹಾಕ್ಕೊಳ್ಳಪ್ಪ, ಒಂದು ನಿಮಿಷದ ಕೆಲಸ, ಅಂದೆ. ಹಾಗೇ ಬರಿ."