ಏನೂ ಮಾಡದ ಮೂರು ಸಾಲುಗಳು

"ಅದನ್ನ ಮುಟ್ಟಬೇಡಿ!"

ತನ್ನ ದನಿಗೆ ಅವಳೇ ಬೆಚ್ಚಿದಳು. ಎರಡು ವರ್ಷಗಳಿಂದ ಆ ಗಂಟಲಿನಿಂದ ಇಷ್ಟು ಜೋರಾದ ಮಾತು ಹೊರಟಿರಲಿಲ್ಲ.

ಕಂಪ್ಯೂಟರಿನ ಹಿಂದೆ ಬಗ್ಗಿದ್ದ ಅಪರಿಚಿತ ಮೆಲ್ಲನೆ ಎದ್ದು ನಿಂತ. ತಲೆತುಂಬ ಧೂಳು.

"ಮುಟ್ಟದೇ ರಿಪೇರಿ ಮಾಡೋ ವಿದ್ಯೆ ನಾನಿನ್ನೂ ಕಲಿತಿಲ್ಲ ಮೇಡಂ. ದೊಡ್ಡ ಡಾಕ್ಟರು ಕಳಿಸಿದ್ರು... ನಾನು ಪ್ರೋಗ್ರಾಮರ್."

ಲಕ್ವ ಹೊಡೆದವರಿಗೆ ವ್ಯಾಯಾಮ ಮಾಡಿಸುವ ಕೇಂದ್ರ ಅದು. ಅಲ್ಲಿನ ಆಟದ ಕೋಣೆ ಅವಳ ಉಸ್ತುವಾರಿಯಲ್ಲಿತ್ತು. ನಾಲ್ಕು ಹಳೆಯ ಕಂಪ್ಯೂಟರು, ಅವುಗಳಲ್ಲೊಂದು ಹಾವು-ಏಣಿ ಆಟ. ದಾಳ ಹಿಡಿಯಲಾಗದ ಕೈಗಳಿಗೆ ಒಂದೇ ಒಂದು ಕೀ. ಒತ್ತಿದರೆ ಪರದೆಯ ಮೇಲೆ ದಾಳ ಉರುಳುತ್ತದೆ, ಕಾಯಿ ನಡೆಯುತ್ತದೆ.

ಅದನ್ನು ಬರೆದದ್ದು ಅವಳ ಗಂಡ. ಎರಡು ವರ್ಷದ ಹಿಂದೆ ಅವನು ತೀರಿಕೊಂಡ ಮೇಲೂ ದಾಳ ಉರುಳುತ್ತಲೇ ಇತ್ತು.

ಈಚೆಗೆ ಮಾತ್ರ ಆಟದ ನಡುವೆ ಪರದೆ ಕಲ್ಲಾಗಿ ನಿಲ್ಲುತ್ತಿತ್ತು. ತಿಂಗಳೊಳಗೆ ಸರಿಹೋಗದಿದ್ದರೆ ಕಂಪ್ಯೂಟರುಗಳು ಗುಜರಿಗೆ ಎಂದು ದೊಡ್ಡ ಡಾಕ್ಟರು ಹೇಳಿಯಾಗಿತ್ತು.

ಗಂಡನ ಅಂಗಿಗಳನ್ನು ಯಾರಿಗೋ ಕೊಟ್ಟಾಗ ಅವಳು ಅತ್ತಿರಲಿಲ್ಲ. ಆದರೆ ಇದು... ಇದು ಅವನು ಇನ್ನೂ ಮಾಡುತ್ತಿದ್ದ ಕೆಲಸ!

"ಎಲ್ಲಾ ಹೊಸದಾಗಿ ಬರೀತೀರಾ?" ಎಂದಳು.

"ಯೋಚಿಸ್ತಿದ್ದೀನಿ. ಬ್ರೌಸರಿನಲ್ಲಿ ಆಡೋ ಹಾಗೆ ಬರೆಯೋದು ಸುಲಭ. ಆದ್ರೆ ಇವಕ್ಕೆ ಈಗಿನ ಬ್ರೌಸರ್ ತೆರೆಯೋಕೇ ಏದುಸಿರು. ಪೈಥಾನ್ ಭಾಷೆಯ ಹೊಸ ಆವೃತ್ತಿ ಇದರಲ್ಲಿ ಇನ್‌ಸ್ಟಾಲೇ ಆಗಲ್ಲ. ಜಾವಾ ಹಾಕಿದ್ರೆ ದಾಳ ಉರುಳೋ ಹೊತ್ತಿಗೆ ಆಟಗಾರರು ಮನೆಗೆ ಹೋಗಿರ್ತಾರೆ."

"ಹೋಗೋಕೆ ನಮ್ಮ ಕಾಲು ನೆಟ್ಟಗಿರಬೇಕಲ್ಲಪ್ಪ!" ಗಾಲಿಕುರ್ಚಿಯಿಂದ ದನಿ ಬಂತು. ಮೂವತ್ತು ವರ್ಷ ಬಸ್ಸು ಓಡಿಸಿ, ಈಗ ಬಲಗೈ ಎತ್ತಲು ಹೆಣಗುವ ಡ್ರೈವರ್ ಮಾವ. ಎಲ್ಲರಿಗೂ ಅವರು ಮಾವನೇ.

ಪ್ರೋಗ್ರಾಮರ್ ನಕ್ಕ. ಅವಳು ನಗಲಿಲ್ಲ.

"ನಿಮ್ಮ ಯಜಮಾನರು ಪ್ಯಾಸ್ಕಲ್‌ನಲ್ಲಿ ಬರೆದಿದ್ದಾರೆ," ಎಂದ ಅವನು ಗಂಭೀರನಾಗಿ. "ಪ್ರೋಗ್ರಾಂ ಬರೆಯೋ ಹಳೇ ಭಾಷೆ. ಆದ್ರೆ ಈ ಯಂತ್ರಗಳಿಗೆ ಅದೇ ಸರಿ. ಅವರು ಆರಿಸಿದ್ದರಲ್ಲೇ ಮುಂದುವರಿಸ್ತೀನಿ."

*ಅವರು ಆರಿಸಿದ್ದು ಸರಿ...* ಎಷ್ಟು ದಿನವಾಗಿತ್ತು ಯಾರಾದರೂ ಅವನನ್ನು ಮೆಚ್ಚಿ ಮಾತಾಡಿ!

"ಒಂದು ಮಾತು ಕೊಡಿ. ಅವರ ಒಂದು ಸಾಲನ್ನೂ ಅಳಿಸಬಾರದು."

"ಕೊಟ್ಟೆ."

ವಾರದೊಳಗೆ ರೋಗ ಸಿಕ್ಕಿತು. ಪ್ರತಿ ನಡೆಗೂ ಪ್ರೋಗ್ರಾಂ ಹಾವು-ಏಣಿಯ ಚಿತ್ರವನ್ನು ಹೊಸದಾಗಿ ತರುತ್ತಿತ್ತು, ಹಳೆಯದನ್ನು ಬಿಡುತ್ತಿರಲಿಲ್ಲ. ಈಚೆಗೆ ಆಡುವವರು ಹೆಚ್ಚಾಗಿ ಆಟ ಉದ್ದವಾದ ಮೇಲೆ ಮೆಮೊರಿ ತುಂಬಿ ನಿಲ್ಲುತ್ತಿತ್ತು. ಅದನ್ನವನು ಸರಿಪಡಿಸಿದ. ಪರದೆ ಮತ್ತೆ ಕಲ್ಲಾಗಲಿಲ್ಲ. ಆ ಸಂಜೆ ಅವಳೇ ಅವನಿಗೆ ಟೀ ತಂದುಕೊಟ್ಟಳು. ಇಬ್ಬರೂ ಹೆಚ್ಚೇನೂ ಮಾತಾಡಲಿಲ್ಲ. ಆದರೂ ಮನೆಗೆ ಹೋಗುವಾಗ ಅವಳಿಗೆ ದಾರಿ ಗಿಡ್ಡವೆನಿಸಿತು... ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಮರುದಿನ ಆಟ ಶುರುವಾಯಿತು. ಡ್ರೈವರ್ ಮಾವ ಕೀ ಒತ್ತಿದರು. ದಾಳ ಉರುಳದೆ ಫಟ್ಟನೆ ಬಿತ್ತು. ಅವರ ಬೆರಳು ಮೇಲೇಳುವಷ್ಟರಲ್ಲಿ ಕೀಯನ್ನು ಮತ್ತೆ ಒತ್ತಿದಂತಾಗಿ ಮುಂದಿನವರ ದಾಳವೂ ಬಿತ್ತು. ಅದರ ಮುಂದಿನದೂ!

"ಮಾವ, ನಮ್ಮ ಸರದಿಯನ್ನೂ ನೀವೇ ಆಡಿಬಿಟ್ರಲ್ಲ!"

ಎಲ್ಲರೂ ನಕ್ಕರು. ಮಾವನೂ ನಕ್ಕರು. ಆಮೇಲೆ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, "ನನ್ನನ್ನ ಮನೆಗೆ ಕಳಿಸಮ್ಮ," ಎಂದರು.

ಮರುದಿನ ಅವರು ಬರಲಿಲ್ಲ.

"ಏನು ತೆಗೆದಿರಿ?" ಅವಳು ಪ್ರೋಗ್ರಾಮರನನ್ನು ಕೇಳಿದಳು.

"ಮೂರು ಸಾಲು... ನೂರು ಕೋಟಿವರೆಗೆ ಸುಮ್ಮನೆ ಎಣಿಸೋದು, ಅಷ್ಟರಲ್ಲಿ ಒತ್ತಿದ ಕೀಗಳನ್ನ ಮರೆಯೋದು. ಏನೂ ಕೆಲಸ ಮಾಡದ ಸಾಲುಗಳು ಅಂತ..."

"ಅದು ಕೆಲಸ ಮಾಡ್ತಿತ್ತು! ಮಾವನ ಬೆರಳು ಏಳೋವರೆಗೂ ಕಾಯ್ತಿತ್ತು! ಅಳಿಸಲ್ಲ ಅಂತ ಮಾತು ಕೊಟ್ಟಿದ್ರಿ... ಹೋಗಿ. ಇನ್ನು ಬರಬೇಡಿ."

ಅವನು ಚೀಲ ಎತ್ತಿಕೊಂಡ. ಹೊರಟುಹೋದ.

ನಾಲ್ಕು ದಿನ ಕಳೆದವು. ಅವಳು ಕೋಣೆ ಗುಡಿಸಿದಳು, ಕುರ್ಚಿ ಒರೆಸಿದಳು. *ಹೋಗು ಅಂದಿದ್ದು ನಾನೇ. ಮತ್ಯಾಕೆ ಬಾಗಿಲ ಕಡೆ ನೋಡ್ತೀನಿ?*

ಐದನೆಯ ದಿನ ಆ ಮೂರು ಸಾಲನ್ನು ತಾನೇ ಬರೆಯುವ ಹಟದಿಂದ ಗಂಡನ ಪ್ರೋಗ್ರಾಮನ್ನು ತೆರೆದಳು. ಮೊದಲ ಸಲ ಓದಿದಳು.

ಆ ಸಾಲುಗಳು ಅಲ್ಲೇ ಇದ್ದವು!

ಶಾಲೆಯ ಲೆಕ್ಕದಲ್ಲಿ ಪುಷ್ಪಾವರಣ ಎನ್ನುತ್ತಿದ್ದ ಬಾಗಿದ ಕಂಸಗಳ ನಡುವೆ. ಅವುಗಳೊಳಗೆ ಇಟ್ಟದ್ದನ್ನು ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮನುಷ್ಯರು ಓದಬಹುದು. ಪಕ್ಕದಲ್ಲೊಂದು ಟಿಪ್ಪಣಿಯಿತ್ತು: "ಅವರ ಮೂಲ ಸಾಲು. ಅಳಿಸಿಲ್ಲ. ಯಾಕೆ ಬರೆದರೋ ನನಗೆ ಅರ್ಥವಾಗಿಲ್ಲ."

ಅವನು ಬದಲಿಸಿದ ಕಡೆಯಲ್ಲೆಲ್ಲ ಹಾಗೆಯೇ ಇತ್ತು. ಗಂಡನ ಒಂದು ಅಕ್ಷರವೂ ಕಳೆದಿರಲಿಲ್ಲ.

ಅವಳು ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಗಾಲಿಕುರ್ಚಿಯ ಸದ್ದಾಯಿತು. ಡ್ರೈವರ್ ಮಾವ! ಹಿಂದೆ ಕುರ್ಚಿ ತಳ್ಳುತ್ತಾ ಅವನು.

"ನಾಲ್ಕು ದಿನದಿಂದ ಮನೆಗೆ ಬಂದು ಪ್ರಾಣ ತಿಂದನಮ್ಮ ಈ ಮಹಾರಾಯ!" ಎಂದರು ಮಾವ. "ಕೀ ಒತ್ತು, ಬೆರಳೆತ್ತು, ಮತ್ತೆ ಒತ್ತು... ಗಡಿಯಾರ ಹಿಡ್ಕೊಂಡು ಕೂತಿದ್ದ. ಲೈಸೆನ್ಸ್ ಕೊಡುವಾಗ್ಲೂ ನನ್ನನ್ನ ಯಾರೂ ಹೀಗೆ ಪರೀಕ್ಷೆ ಮಾಡಿರಲಿಲ್ಲ."

ಅವನು ಅವಳನ್ನು ನೋಡಲಿಲ್ಲ. "ಬರಬೇಡಿ ಅಂದ್ರಿ. ಸರಿಮಾಡಿದ ಪ್ರೋಗ್ರಾಂ ಹಾಕಿ ಹೋಗ್ತೀನಿ. ಆ ಮೂರು ಸಾಲನ್ನ ಕಂಸದಿಂದ ಹೊರಗೆ ತಂದಿದ್ದೀನಿ. ಪ್ರತಿಯೊಬ್ಬರಿಗೂ ಅವರವರ ಬೆರಳಿಗೆ ಬೇಕಾದಷ್ಟು ಹೊತ್ತು ಕಾಯುತ್ತೆ," ಎನ್ನುತ್ತಾ ಕಂಪ್ಯೂಟರಿಗೆ ಪ್ರೋಗ್ರಾಂ ಹಾಕಿದ.

ಮಾವ ಕೀ ಒತ್ತಿದರು. ದಾಳ ಉರುಳಿತು... ಉರುಳಿತು... ಬೆರಳು ಮೆಲ್ಲಗೆ ಮೇಲೆದ್ದಿತು. ಆಮೇಲೆ ದಾಳ ನಿಂತಿತು.

ಐದು.

ಅವಳು ಮುಖ ಮುಚ್ಚಿಕೊಂಡಳು. ಎರಡು ವರ್ಷ ತಡೆದದ್ದೆಲ್ಲ ಆ ಮೇಜಿನ ಮುಂದೆ ಒಡೆದುಹೋಯಿತು. ಮಾವ ಪರದೆಯತ್ತ ತಿರುಗಿ, ಏನೂ ಕಾಣದವರಂತೆ ಕೂತರು.

"ನಮ್ಮ ಯಜಮಾನರು ಮನೆಯಲ್ಲಿ ಮಾತೇ ಆಡ್ತಿರಲಿಲ್ಲ," ಎಂದಳು ಬಿಕ್ಕುತ್ತಾ. "ಇಷ್ಟೊಂದು ಯೋಚಿಸ್ತಿದ್ರು ಅಂತ ನಂಗೆ ಗೊತ್ತೇ ಇರಲಿಲ್ಲ..."

"ನನಗೂ ತಡವಾಗಿ ಗೊತ್ತಾಯ್ತು."

"ನಿಮ್ಮನ್ನ ಬೈದೆ..."

"ಬೈಸಿಕೊಳ್ಳೋ ಕೆಲಸಾನೇ ಮಾಡಿದ್ದೆ." ಅವನು ಚೀಲ ಹೆಗಲಿಗೇರಿಸಿ, ತಡೆದು ನಿಂತ. "ಇನ್ನೊಂದು ಮಾತು ಹೇಳಿಬಿಡ್ತೀನಿ, ಮತ್ತೆ ಧೈರ್ಯ ಬರಲ್ಲ. ಇಲ್ಲಿಗೆ ಬರೀ ಪ್ರೋಗ್ರಾಂಗೋಸ್ಕರ ಬರ್ತಿರಲಿಲ್ಲ ನಾನು... ಹಾಗಂತ ಅವರ ಜಾಗ ಕೇಳ್ತಿಲ್ಲ. ಉತ್ತರ ಕೊಡಲೇಬೇಕು ಅಂತೇನಿಲ್ಲ."

ಅವನು ಬಾಗಿಲು ದಾಟುವಷ್ಟರಲ್ಲಿ ಅವಳು ಕೇಳಿದಳು:

"ನಾಳೆ ಬರ್ತೀರಾ?"

"ಕೆಲಸ ಮುಗೀತಲ್ಲ?"

"ಮುಗೀತು. ಬನ್ನಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀವು ಬಂದಾಗ ನಾನು ಅಳ್ತಾ ಕೂತಿರಬಹುದು."

"ಕೂತಿರಿ. ನಾನೂ ಪಕ್ಕದಲ್ಲಿ ಕೂತ್ಕೋತೀನಿ."