ಬೆಂಕಿಯ ಚೀಟಿ

"ಬಾಯಾರ, ಒಂದು ಚೂರಿನರ ಇಟ್ಕೋರಿ," ಎಂದರು ಡ್ರಾಯಿಂಗ್ ಮಾಸ್ತರ ನಿಜಗುಣಪ್ಪ. "ಬರೇ ಮಂತ್ರದ ಮ್ಯಾಲ ನಡಿಯೂದಿಲ್ಲ ಇಲ್ಲಿ. ಮಾಂತ್ರಿಕರಿಗೆ ಎರಡು ಏಟು ಬಿದ್ರ ಮುಗೀತು."

"ಬ್ಯಾಡ್ರಿ," ಎಂದಳು ಭಾಗೀರಥಿ. "ಚೂರಿ ಬ್ಯಾಡ, ಢಾಲು ಬ್ಯಾಡ. ಮಂತ್ರ ಅಷ್ಟ ಸಾಕು ನನಗ."

ಹೀಗೆ ಹೇಳುವಾಗ ಅವಳು ನೋಡುತ್ತಿದ್ದುದು ಮಾಸ್ತರರನ್ನಲ್ಲ. ಎದುರಿನ ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ ಪೋಸ್ಟ್ ಆಫೀಸಿನ ಹೊಸ ಕ್ಲಾರ್ಕನ್ನು. ಬೈಲಹೊಂಗಲಕ್ಕೆ ವರ್ಗವಾಗಿ ಬಂದು ಎಂಟು ದಿನವೂ ಆಗಿರದ ಆ ಮನುಷ್ಯನ ಬಲಗೈ ಹೆಬ್ಬೆರಳು ಅಂಚೆಗೆ ಹೊಡೆಯುವ ಶಿಕ್ಕೆಯ ಮಸಿಯಿಂದ ಕಪ್ಪಾಗಿತ್ತು. ಮಾಸ್ತರರು ಆಗಷ್ಟೇ ಪರಿಚಯ ಮಾಡಿಸಿದ್ದರು. "ಇವರು ರಘೋತ್ತಮ, ಸವದತ್ತಿಯವರು. ಇವರು ಭಾಗೀರಥಿಬಾಯಿ, ಮುರಗೋಡದವರು. ನಮ್ಮ ಸಾಲ್ಯಾಗ ಸೈನ್ಸ್ ಕಲಸ್ತಾರ. ಹಿತ್ತಲ ಖೋಲಿ ಬಾಡಿಗಿ ಹಿಡಿದಾರ."

ಹೆಸರು ಕೇಳಿ ಅವನು ಕೈ ಜೋಡಿಸಿದ. ಅಷ್ಟೇ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಮುರಗೋಡ ಎಂದರೂ ಇಲ್ಲ, ಭಾಗೀರಥಿ ಎಂದರೂ ಇಲ್ಲ. ನೋಡಿ ಬಿಟ್ಟ ಕನ್ಯೆಯರ ಪಟ್ಟಿಯಲ್ಲಿ ತನ್ನದು ಎಷ್ಟನೆಯ ನಂಬರೋ ಏನೋ, ಮಹಾರಾಯ ಮರೆತೇ ಬಿಟ್ಟಿದ್ದಾನೆ ಎಂದುಕೊಂಡಳು ಅವಳು. ಹೊಟ್ಟೆಯಲ್ಲಿ ಮೂರು ವರ್ಷದಿಂದ ಬೂದಿ ಮುಚ್ಚಿದ್ದ ಕೆಂಡ ಒಮ್ಮೆಲೇ ನಿಗಿನಿಗಿ ಎಂದಿತು.

ಅದು ಎಪ್ಪತ್ತೆಂಟನೆಯ ಇಸವಿ. ನಿಜಗುಣಪ್ಪ ಮಾಸ್ತರರ ಆಟ ಪಗಡೆಯಲ್ಲ, ಚೌಕಾಬಾರವಲ್ಲ. ಹಿಂದೆ ನೇಸರಗಿಯಲ್ಲಿ ಬಾವಿ, ಪಂಪುಗಳ ಕೆಲಸ ಕಲಿಸಲು ಬಂದಿದ್ದ ಅಮೆರಿಕದ ಹುಡುಗನೊಬ್ಬ ಇಂಥದೊಂದು ಆಟದ ಪುಸ್ತಕ ತೋರಿಸಿದ್ದನಂತೆ. ಹುಡುಗ ಊರಿಗೆ ಹೋದ, ಹುಚ್ಚು ಮಾಸ್ತರರಿಗೆ ಉಳಿಯಿತು. ಡ್ರಾಯಿಂಗ್ ಹಾಳೆಗಳ ಮೇಲೆ ಏಳು ಬಾಗಿಲ ಕೋಟೆಯೊಂದನ್ನು ಬರೆದು, ತಮ್ಮದೇ ಕಾಯಿದೆ ಕಟ್ಟಿ, ಪ್ರತಿ ರವಿವಾರ ಮಧ್ಯಾಹ್ನ ಪಡಸಾಲೆಯಲ್ಲಿ ಆಡಿಸತೊಡಗಿದ್ದರು.

"ಇದರಾಗ ಕಾಯಿ ಇಲ್ರಿ. ನಾವ ಕಾಯಿ," ಎನ್ನುತ್ತಿದ್ದರು. ಒಬ್ಬೊಬ್ಬರು ಒಂದೊಂದು ವೇಷ. ತಾನು ಏನು ಮಾಡುತ್ತೇನೆಂದು ಅವರವರೇ ಹೇಳಬೇಕು, ಆಗುವುದೇನೆಂದು ಮಾಸ್ತರರು ಹೇಳುತ್ತಾರೆ, ಸಂಶಯ ಬಂದಲ್ಲಿ ಕವಡೆ ಹೇಳುತ್ತದೆ. ಮಾಸ್ತರರ ಹೆಂಡತಿ ಸುಂದರವ್ವ, ಜನ್ಮದಲ್ಲೊಮ್ಮೆ ಕಳವು ಮಾಡಿ ನೋಡುತ್ತೇನೆಂದು ಕಳ್ಳಿಯಾದಳು. ರಘೋತ್ತಮ ಕತ್ತಿ ಹಿಡಿದ ಸರದಾರನಾದ. ಭಾಗೀರಥಿ ಮಾಂತ್ರಿಕಳು.

ಮಾಂತ್ರಿಕಳಿಗೆ ಒಂದು ಕಟ್ಟಳೆ ಇತ್ತು. ಆಟಕ್ಕೆ ಮೊದಲೇ ಮೂರು ಚೀಟಿಗಳಲ್ಲಿ ಮೂರು ಮಂತ್ರ ಬರೆದಿಟ್ಟುಕೊಳ್ಳಬೇಕು. ಬೆಳಕು, ನಿದ್ದೆ, ಗೋಡೆ, ಬೆಂಕಿ, ಏನು ಬೇಕಾದರೂ. ಒಂದನ್ನು ಹೇಳಿದೊಡನೆ ಆ ಚೀಟಿ ಹರಿದುಹಾಕಬೇಕು. ಬರೆಯದ ಮಂತ್ರ ಬಾಯಿಗೆ ಬರುವಂತಿಲ್ಲ.

ಭಾಗೀರಥಿ ಮೂರರಲ್ಲೂ ಬೆಂಕಿ ಎಂದೇ ಬರೆದಳು.

"ಅಯ್ಯ, ಮೂರೂ ಬೆಂಕಿನ?" ಸುಂದರವ್ವ ಇಣುಕಿ ನೋಡಿದಳು. "ಕತ್ತಲಾದ್ರ ಏನ್ ಮಾಡ್ತೀರಿ?"

"ಬೆಂಕಿ ಹಚ್ಚಿದ್ರ ಬೆಳಕೂ ಬರ್ತದ."

ಸರದಾರ ತಲೆ ಎತ್ತದೆಯೇ ನಕ್ಕಂತಾಯಿತು. ನಗು ಮಗನೇ, ನಗು ಎಂದುಕೊಂಡಳು.

ಮೂರು ವರ್ಷದ ಹಿಂದೆ ಇದೇ ರಘೋತ್ತಮ, ತಂದೆ ತಾಯಿಯರೊಡನೆ ಮುರಗೋಡಕ್ಕೆ ಅವಳನ್ನು ನೋಡಲು ಬಂದಿದ್ದ. ಅವಳಿಗೆ ಆಗ ಲಗ್ನವೇ ಬೇಡವಾಗಿತ್ತು. ಆ ಸಿಟ್ಟಿಗೆ ಅವಲಕ್ಕಿಗೆ ಎರಡು ಸಲ ಉಪ್ಪು ಹಾಕಿದ್ದಳು. ಹಿರಿಯರಿಬ್ಬರೂ ಆವತ್ತು ಉಪವಾಸವೆಂದು ಹಾಲು ಕುಡಿದರು. ಹುಡುಗ ಮಾತ್ರ ತಲೆ ತಗ್ಗಿಸಿ, ಒಂದು ಕಾಳೂ ಬಿಡದೆ ತಿಂದು, "ಛೊಲೊ ಆಗೇದ" ಎಂದು ಹೇಳಿ ಎದ್ದಿದ್ದ. ಉಳಿದ ಅವಲಕ್ಕಿ ಬಾಯಿಗೆ ಹಾಕಿಕೊಂಡು ನೋಡಿದಾಗ ಭಾಗೀರಥಿಯ ಕಣ್ಣಲ್ಲಿ ನೀರು ಬಂತು. ಅಷ್ಟಕ್ಕೇ, ನೋಡಿ, ಮನಸ್ಸು ಜಾರಿಬಿಟ್ಟಿತು. ಬಸ್ಸು ಏರುವ ಮೊದಲು ಅವನು ತಿರುಗಿ ನೋಡಬಹುದೇ ಎಂದು ಕಿಟಕಿಯಲ್ಲಿ ನಿಂತಿದ್ದಳು. ಅವನು ತಿರುಗಿ ನೋಡಲಿಲ್ಲ.

ಹನ್ನೊಂದನೆಯ ದಿನ ಕಾರ್ಡು ಬಂತು. "ಕನ್ಯೆ ಪಸಂದ ಇಲ್ಲ. ತಾವು ಬೇರೆ ಸ್ಥಳ ನೋಡಿಕೊಳ್ಳುವುದು." ಎರಡೇ ಸಾಲು. ಲಕೋಟೆಯಲ್ಲಾದರೂ ಹಾಕಬಾರದಿತ್ತೇ? ತೆರೆದ ಕಾರ್ಡು. ತಂದೆ ಬಾಳಕೃಷ್ಣಾಚಾರ್ಯರ ಕೈಗೆ ಬರುವಷ್ಟರಲ್ಲಿ ಓಣಿಯ ಅರ್ಧ ಜನ ಓದಿ ಮುಗಿಸಿದ್ದರು. ಪಾಠಶಾಲೆಯಲ್ಲಿ ನೂರು ಮಕ್ಕಳಿಗೆ ಸಂಸ್ಕೃತ ಹೇಳಿಕೊಟ್ಟ ಮನುಷ್ಯ, ಅಂದಿನಿಂದ ಸಂಜೆ ಕಟ್ಟೆಗೆ ಹೋಗುವುದನ್ನು ಬಿಟ್ಟರು. ಆ ಕಾರ್ಡು ಈಗ ಭಾಗೀರಥಿಯ ಪರ್ಸಿನಲ್ಲಿತ್ತು.

ಅವಳ ಲೆಕ್ಕಾಚಾರ ಸರಳ. ಇವನು ತನ್ನನ್ನು ಮೆಚ್ಚಬೇಕು. ಮೆಚ್ಚಿ, ಬಾಯಿಬಿಟ್ಟು ಕೇಳಬೇಕು. ಕೇಳಿದ ದಿನ ಇದೇ ಎರಡು ಸಾಲನ್ನು ಅವನ ಕೈಗೆ ಇಡಬೇಕು. ಅಲ್ಲಿಯ ತನಕ ನಗುನಗುತ್ತ ಇರಬೇಕು.

ಇದ್ದಳು. ಸೋಮವಾರ ಒಂದು ಸ್ಟಾಂಪು, ಬುಧವಾರ ಒಂದು ಇನ್‌ಲ್ಯಾಂಡು. ಕೌಂಟರಿನ ಜಾಳಿಗೆಯ ಆಚೆ ಅವನು ಚಿಲ್ಲರೆ ಎಣಿಸುವಾಗ, ಈಚೆ ಇವಳು ಜಡೆ ಮುಂದಕ್ಕೆ ಹಾಕಿಕೊಳ್ಳುವಳು.

"ಭಾಳ ಪತ್ರ ಬರೀತೀರಿ," ಎಂದ ಒಂದು ದಿನ.

"ಬರೀತೀನಿ. ಎಲ್ಲಾರಿಗೂ ಲಕೋಟ್ಯಾಗ ಹಾಕಿ ಕಳಸ್ತೀನಿ."

ಅವನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಸ್ಟಾಂಪು ಹರಿದುಕೊಟ್ಟ. ಅವಳ ಬೆರಳು ತಾಗದ ಹಾಗೆ, ಅಂಚು ಹಿಡಿದು.

ರವಿವಾರ ಬಂದರೆ ಬೇರೆ ಪೀಕಲಾಟ. ಪ್ರತಿ ಬಾಗಿಲಲ್ಲೂ ಮಾಸ್ತರರು, "ಸರದಾರ ಏನ್ ಮಾಡ್ತಾನ?" ಎಂದು ಕೇಳಿದರೆ ಅವನದು ಒಂದೇ ಉತ್ತರ.

"ಮಾಂತ್ರಿಕಳ ಮುಂದ ನಿಂದರ್ತಾನ."

ತೋಳ ಬಂದಾಗ ಹಾಗೆ, ಬಾಣ ಬಂದಾಗ ಹಾಗೆ. ಮೂರನೆಯ ಬಾಗಿಲಲ್ಲಿ ಸರದಾರನಿಗೆ ಭುಜದ ಗಾಯ, ನಾಲ್ಕನೆಯದರಲ್ಲಿ ಕಾಲಿಗೆ. ಭಾಗೀರಥಿಗೆ ರೇಗಿತು.

"ನಿಂದರ್ರಿ ಅಂತ ನಾ ಹೇಳೇನೇನು?"

"ಇಲ್ಲ."

"ಮತ್ತ ಯಾಕ?"

"ನಿಮಗ ಢಾಲಿಲ್ಲಲ್ಲ," ಎಂದು ಮೊದಲ ಸಲ ತಲೆ ಎತ್ತಿ ನೋಡಿದ. ಕಪ್ಪು ರೆಪ್ಪೆಯ, ಸ್ವಲ್ಪ ಹೆದರಿದಂಥ ಕಣ್ಣುಗಳು. ಒಂದು ಕ್ಷಣ ಇದ್ದವು, ಕೆಳಗಿಳಿದವು. ಭಾಗೀರಥಿ ಕವಡೆಗಳನ್ನು ಆರಿಸುವ ನೆವದಲ್ಲಿ ಬಗ್ಗಿದಳು. ಎದೆಯೊಳಗೆ ಯಾರೋ ಕುಟ್ಟಾಣಿ ಕುಟ್ಟಿದಂತಿತ್ತು. ಥೂ, ಇದಕ್ಕೇನು ಬಂತು ಧಾಡಿ ಎಂದು ತನ್ನ ಎದೆಯನ್ನು ತಾನೇ ಬೈದುಕೊಂಡಳು.

ಆ ವಾರ ಪರ್ಸಿನಿಂದ ಕಾರ್ಡು ತೆಗೆದು ನಾಲ್ಕು ಸಲ ಓದಿದಳು, ಸಿಟ್ಟು ಆರದಿರಲೆಂದು.

ಏಳನೆಯ ಬಾಗಿಲ ದಿನ ಮಾಸ್ತರರು ದನಿ ತಗ್ಗಿಸಿ ಹೇಳಿದರು: "ಇಕ್ಕಟ್ಟಿನ ಸಂದಿ. ಆ ತುದಿಗೆ ರಾಕ್ಷಸ. ಈ ತುದಿಗೆ ಮಾಂತ್ರಿಕಳು. ನಡುವ ಸರದಾರ, ಕತ್ತಿ ಮುರದೈತಿ. ಬಾಯಾರ, ನಿಮ್ಮ ಚೀಟಿ ಎಷ್ಟು ಉಳದಾವು?"

"ಒಂದು."

"ಬೆಂಕಿ?"

"ಬೆಂಕಿ."

"ಬೆಂಕಿ ಹಚ್ಚಿದ್ರ ಇಬ್ಬರೂ ಸುಡ್ತಾರ. ಸರದಾರ ಸರದ್ರ ರಾಕ್ಷಸ ನಿಮ್ಮ ಮ್ಯಾಲ ಬೀಳ್ತಾನ, ಎರಡು ಏಟಿಗೆ ನೀವು ಮುಗದ್ರಿ."

"ಒಂದರ ನಿದ್ದಿ ಬರಕೊಂಡಿದ್ರ ಆಗತಿತ್ತು," ಎಂದು ಸುಂದರವ್ವ ಹಣೆ ಚಚ್ಚಿಕೊಂಡಳು. "ಹಟ ಅಂದ್ರ ಹಟ ಈಕಿದು."

ಭಾಗೀರಥಿಯ ಕೈಯಲ್ಲಿ ಚೀಟಿ ಬೆವರಿಗೆ ಮೆತ್ತಗಾಗಿತ್ತು. ಇದಕ್ಕೇ ಅಲ್ಲವೇ ಇಷ್ಟು ವಾರ ಕಾದದ್ದು? ಮತ್ತೆ ನಾಲಿಗೆ ಏಕೆ ಏಳಲೊಲ್ಲದು?

"ಹಾಕ್ರಿ," ಎಂದ ರಘೋತ್ತಮ ಮೆಲ್ಲಗೆ. "ನಾ ಸರಿಯೂದಿಲ್ಲ."

ಆ ಶಾಂತ ದನಿಯೇ ಅವಳನ್ನು ಕೆರಳಿಸಿತು. "ಬೆಂಕಿ," ಎಂದಳು. ಚೀಟಿ ಹರಿದಳು.

ರಾಕ್ಷಸ ಸತ್ತ, ಸರದಾರನೂ ಸತ್ತ. ಕೋಟೆ ಮಾಂತ್ರಿಕಳದಾಯಿತು. ಮಾಸ್ತರರು ಚಪ್ಪಾಳೆ ತಟ್ಟಿದರು. ಸುಂದರವ್ವ ಚಹಾಕ್ಕೆ ಒಳಗೆ ಹೋಗುತ್ತ, ಅಲ್ಲೇ ಕುಳಿತಿದ್ದ ಗಂಡನ ತೋಳು ಜಗ್ಗಿ ಅವರನ್ನೂ ಕರೆದುಕೊಂಡು ಹೋದಳು. ಹೆಂಗಸಿಗೆ ಕಣ್ಣು ಚುರುಕು.

ರಘೋತ್ತಮ ತನ್ನ ಸರದಾರನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದ.

"ಸಮಾಧಾನ ಆತೇನ್ರಿ?" ಎಂದು ಕೇಳಿದ.

ಭಾಗೀರಥಿ ಬೆಚ್ಚಿದಳು. "ಅಂದ್ರ? ನಿಮಗ ಗೊತ್ತಿತ್ತೇನು ನಾ ಯಾರಂತ?"

"ಮೊದಲನೇ ದಿನಾನ ಗೊತ್ತಾತು. ಹೆಸರು ಕೇಳಿ ಸಂಶಯ ಬಂತು, ಆದ್ರ ಮುರಗೋಡದಾಗ ನಾ ಮುಖಾ ನೋಡಿರಲಿಲ್ಲ. 'ಬ್ಯಾಡ್ರಿ' ಅಂದ್ರಲ್ಲ, ಆ ದನಿ ಮೂರು ವರ್ಷದಿಂದ ಕಿವ್ಯಾಗ ಅದ."

ಅವಳು ಪರ್ಸು ತೆರೆದು ಕಾರ್ಡನ್ನು ಅವನ ಮುಂದೆ ಚಾಪೆಯ ಮೇಲೆ ಎಸೆದಳು. "ಇದೂ ನೆನಪದ ಏನು?"

ಅವನು ಮುಟ್ಟಲಿಲ್ಲ. "ನನ್ನ ಅಕ್ಷರ. ಅಪ್ಪ ಒಪ್ಪಿಗಿ ಅಂತ ಬರೀ ಅಂದಿದ್ರು. ನಾ ಇದನ್ನ ಬರದೆ. ನಮ್ಮವ್ವ ಆರು ತಿಂಗಳ ಮಾತಾಡಿರಲಿಲ್ಲ ನನ್ನ ಜೋಡಿ."

"ಯಾಕ? ನಾ ಅಷ್ಟು ಕೆಟ್ಟ ಇದ್ನೇನು?"

"ಆವತ್ತು ಕೈಕಾಲು ತೊಳಕೊಳ್ಳಿಕ್ಕೆ ಹಿತ್ತಲಕ್ಕ ಹೋಗಿದ್ದೆ. ಅಡಗಿಮನಿ ಕಿಡಕ್ಯಾಗ ನಿಮ್ಮ ಮಾತು ಕೇಳಿಸ್ತು. 'ಬಿ.ಎಡ್. ಮುಗಿಯೂ ತನಕಾ ನನಗ ಲಗ್ನ ಬ್ಯಾಡ್ರಿ. ಆ ಮನುಷ್ಯಾ ತಾನ ಒಲ್ಲೆ ಅಂದ್ರ ಅವನ ಕಾಲಿಗೆ ಬೀಳ್ತೀನಿ' ಅಂತ ಅಳಲಿಕ್ಕೆ ಹತ್ತಿದ್ರಿ. ನೀವು ಒಲ್ಲೆ ಅಂದ್ರ ಮನ್ಯಾಗ ಯಾರು ಕೇಳ್ತಿದ್ರು? ಅದಕ್ಕ ನಾನ ಒಲ್ಲೆ ಅಂದೆ. ಕಾರಣ ಬರದ್ರ ನಿಮಗ ಬೈಗಳಾ ಬೀಳ್ತಿದ್ವು. ಅದಕ್ಕ ಬರೀಲಿಲ್ಲ."

ಭಾಗೀರಥಿಗೆ ಎಲ್ಲ ನೆನಪಾಯಿತು. ಒಲೆಯ ಮುಂದೆ ಸೋದರತ್ತೆಯ ಸೆರಗು ಹಿಡಿದು ಆಡಿದ್ದು ತನ್ನದೇ ಮಾತು. ಆ ಕಾರ್ಡಿನ ದೆಸೆಯಿಂದಲೇ ತಾನು ಧಾರವಾಡಕ್ಕೆ ಹೋಗಿ ಬಿ.ಎಡ್. ಮಾಡಿದ್ದು, ಈ ನೌಕರಿ, ಈ ಖೋಲಿ. ಇಷ್ಟು ದಿನ ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡೆನೇ? ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕರಗಿ ನೀರಾಗುತ್ತಿದ್ದರು. ಇವಳು ಭಾಗೀರಥಿ.

"ಆಮ್ಯಾಲೆ ನಾ ಏನಂದೆ, ಅದನ್ನ ಕೇಳಿದ್ರೇನು?" ಎಂದಳು. "ನೀವು ಆ ಉಪ್ಪಿನ ರಾಶಿ ತಿಂದು, ಛೊಲೊ ಆಗೇದ ಅಂದು ಎದ್ದು ಹೋದ ಮ್ಯಾಲೆ?"

"ಇಲ್ಲ."

"ಇಂಥವರಾದ್ರ ನಡೀತದ ಅಂದೆ. ಅರ್ಧಾ ಮಾತು ಕೇಳಿ ನನ್ನ ಜನ್ಮದ ತೀರ್ಪು ಕೊಡ್ಲಿಕ್ಕೆ ನೀವು ಯಾರು? ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲೇನು? ಅದೂ ಹೋಗ್ಲಿ. ಸವದತ್ಯಾಗ ಒಂದು ಲಕೋಟಿ ಸಿಗಲಿಲ್ಲೇನು? ಈ ಕಾರ್ಡ ಓಣಿ ಎಲ್ಲಾ ಓದ್ತು. ನಮ್ಮಪ್ಪ ಮೂರು ವರ್ಷಾತು, ಕಟ್ಟಿ ಕಡೆ ಹೋಗಿಲ್ಲ."

ಇದು ಅವನಿಗೆ ಗೊತ್ತಿರಲಿಲ್ಲ. ಮುಖದ ರಕ್ತವೆಲ್ಲ ಇಳಿಯಿತು. ಮೂರು ವರ್ಷದಿಂದ ಅವಳು ನೋಡಬೇಕೆಂದು ಹಂಬಲಿಸಿದ್ದು ಇದೇ ಮುಖ. ನೋಡಿದಳು. ಖುಷಿಯಾಗಲಿಲ್ಲ.

"ತಪ್ಪಾತು," ಎಂದ. "ನಿಮ್ಮನ್ನ ಇನ್ನ ಏನೂ ಕೇಳೂ ಹಕ್ಕು ನನಗಿಲ್ಲ. ಕೇಳಬೇಕಂತ ಭಾಳ ಇತ್ತು. ಎಂಟು ವಾರದಿಂದ ಇತ್ತು."

ಇಗೋ, ಕೇಳಿದಂತೆಯೇ ಆಯಿತು. ಈಗ ಎರಡು ಸಾಲು ಹೇಳಿಬಿಟ್ಟರೆ ಸೇಡು ಮುಗಿಯಿತು. ಕಾರ್ಡು ಅಲ್ಲೇ ಬಿದ್ದಿದೆ. ಅವಳು ಅದನ್ನು ಎತ್ತಿ ಪರ್ಸಿಗೆ ಹಾಕಿಕೊಂಡಳು.

"ಮುರಗೋಡಕ್ಕ ಬರ್ರಿ," ಎಂದಳು. "ಒಬ್ಬರ ಬರ್ರಿ. ಈ ಸಲ ನೋಡಾವರು ನಾವು."

ಬಂದ. ಭಾಗೀರಥಿ ಜಮಖಾನೆಯ ಮೇಲೆ ತಂದೆಯ ಪಕ್ಕದಲ್ಲೇ ಕುಳಿತಿದ್ದಳು. "ತಲಿ ಮ್ಯಾಲ ಮಾಡ್ರಿ," ಎಂದಳು. ಮಾಡಿದ. "ನಾಕು ಹೆಜ್ಜಿ ನಡದು ತೋರಸ್ರಿ." ನಡೆದ. ಆಚಾರ್ಯರು ಕೆಮ್ಮಿನಲ್ಲಿ ನಗೆ ಮುಚ್ಚಿಕೊಂಡರು. ಅವಲಕ್ಕಿಗೆ ಆವತ್ತೂ ಎರಡು ಸಲ ಉಪ್ಪು ಬಿದ್ದಿತ್ತು. ತಿಂದು ಮುಗಿಸಿದ.

ಹೊರಡುವಾಗ ಮಾತ್ರ ಅವಳು ಹೇಳದ ಒಂದು ಕೆಲಸ ಮಾಡಿದ. "ಬಸ್ಸಿನ ತನಕಾ ಬರ್ತೀರೇನ್ರಿ?" ಎಂದು ಆಚಾರ್ಯರನ್ನು ಕರೆದುಕೊಂಡು ಕಟ್ಟೆಯ ಮುಂದೆಯೇ ಹೋಗಿ, ಕುಳಿತವರೆಲ್ಲ ಕೇಳುವಂತೆ ಹೇಳಿದ: "ಮೂರು ವರ್ಷದ ಹಿಂದ ಆ ಕಾರ್ಡ ಬರದಾಂವ ನಾನ. ಕನ್ಯಾದ ಕಡೆ ಏನೂ ಐಬ ಇರಲಿಲ್ಲ. ತಪ್ಪು ನಂದು." ಬಸ್ಸು ಹೋದ ಮೇಲೆ ಆಚಾರ್ಯರು ಮನೆಗೆ ಬರಲು ತಡ ಮಾಡಿದರು. ಕಟ್ಟೆಯಲ್ಲಿ ಕುಳಿತಿದ್ದರಂತೆ.

"ಕಾರ್ಡ ಬರೀತೇವಿ" ಎಂದಷ್ಟೇ ಹೇಳಿ ರಘೋತ್ತಮನನ್ನು ಬೀಳ್ಕೊಟ್ಟಿದ್ದರು. ಹತ್ತು ದಿನ ಭಾಗೀರಥಿ ಬರೆಯಲಿಲ್ಲ. ರವಿವಾರದ ಆಟಕ್ಕೂ ಬರಲಿಲ್ಲ. ಪೋಸ್ಟ್ ಆಫೀಸಿನ ದಾರಿ ಬಿಟ್ಟು ಸುತ್ತು ಹಾಕಿ ಶಾಲೆಗೆ ಹೋದಳು. ಅವನು ಒದ್ದಾಡಲಿ, ಅವನ ಕಾರ್ಡಿನ ದಾರಿ ಕಾಯುತ್ತ ಅಪ್ಪ ಒದ್ದಾಡಿದ್ದೂ ಇಷ್ಟೇ ದಿನ.

ಹನ್ನೊಂದನೆಯ ದಿನ ಕೌಂಟರಿಗೆ ಬಂದಳು. ಪೆಟ್ಟಿಗೆಗೆ ಹಾಕದೆ, ವಿಳಾಸದ ಬದಿ ಮೇಲೆ ಮಾಡಿ, ಜಾಳಿಗೆಯ ಕೆಳಗಿನಿಂದ ಕಾರ್ಡು ತಳ್ಳಿದಳು. ಸವದತ್ತಿಯಲ್ಲಿದ್ದ ಅವನ ತಂದೆಯ ಹೆಸರು. ರಘೋತ್ತಮ ಸೊರಗಿದ್ದ. ವಿಳಾಸವನ್ನೇ ನೋಡುತ್ತ ನಿಂತ.

"ತಿರುವಿ ಓದ್ರಿ. ತೆರದ ಕಾರ್ಡ ಅದ."

"ನನ್ನ ಹೆಸರಿಗಿಲ್ಲ ಇದು. ಓದಬಾರದು."

"ಅಡಗಿಮನಿ ಕಿಡಕ್ಯಾಗಿನ ಮಾತು ನಿಮ್ಮ ಹೆಸರಿಗಿತ್ತೇನು?"

"ಇರಲಿಲ್ಲ," ಎಂದ. "ಅದಕ್ಕ ಇದನ್ನ ಓದೂದಿಲ್ಲ. ಅಪ್ಪ ಓದಿ ಹೇಳಲಿ. ಏನಿದ್ರೂ ಒಪ್ಪಿಗಿ."

"ಹಂಗಾದ್ರ ಶಿಕ್ಕಾ ಹೊಡೀರಿ."

ಹೊಡೆದ. ಶಿಕ್ಕೆ ಓರೆಯಾಯಿತು. ಸವದತ್ತಿಯ ಚೀಲಕ್ಕೆ ಹಾಕಲೆಂದು ಕಾರ್ಡಿನ ಮೂಲೆ ಹಿಡಿದು ಎತ್ತಿದ. ಹಾಕಿ ಕೈ ಹಿಂದಕ್ಕೆ ತೆಗೆದಾಗ ತನ್ನ ಬೆರಳು ನೋಡಿಕೊಂಡ, ನೋಡುತ್ತಲೇ ಉಳಿದ. ಶುಭಪತ್ರದ ನಾಲ್ಕೂ ಮೂಲೆಗೆ ಹಚ್ಚುವ ಅರಿಷಿಣ ಕಾರ್ಡಿನ ಹಿಂಬದಿಯಲ್ಲಿ ಇನ್ನೂ ಆರಿರಲಿಲ್ಲ. ಅವಳು ಬೆಳಿಗ್ಗೆ ಸ್ವಲ್ಪ ಹೆಚ್ಚೇ ಹಚ್ಚಿದ್ದಳು.