‘ಚೆನ್ನಾಗಿದೀನಿ’ ಎಂದವನು

ಅಟ್ಟದ ಮೇಲೆ ಕೊಬ್ಬರಿ, ಕೆಳಗೆ ತೆಂಗಿನ ಮಟ್ಟೆಯ ಹೊಗೆ. ಮಧುಶ್ರೀ ಆ ವಾಸನೆಯಲ್ಲೇ ಬೆಳೆದವಳು. ಬಾಲರಾಜುವಿನ ಅಂಗಿಗೂ ಅದೇ ವಾಸನೆಯಿತ್ತು. ಇವತ್ತು ಕೋರ್ಟಿನ ಜಗಲಿಯಲ್ಲಿ ಅವನ ಪಕ್ಕ ಕೂತರೆ ಬಂದದ್ದು ಬರೀ ಫಿನಾಯಿಲು.

ಅವನನ್ನು ಮೊದಲು ಕಂಡದ್ದು ಅರಳಗುಪ್ಪೆಯ ತೋಟದಲ್ಲಿ. ಕಾಯಿ ಸುಲಿಯುತ್ತ, ಅವಳನ್ನೇ ನೋಡುತ್ತ, ನೆಟ್ಟ ಕಬ್ಬಿಣದ ಮೊನೆಗೆ ಅಂಗೈ ಕೊಟ್ಟುಕೊಂಡಿದ್ದ. ರಕ್ತ ಸುರಿಯುತ್ತಿದ್ದರೂ, "ಏನಿಲ್ಲ ಬುಡ್ರೀ, ಚೆನ್ನಾಗಿದೀನಿ" ಎಂದು ನಕ್ಕಿದ್ದ. ಆ ನಗೆಗೇ ಅವಳು ಸೋತದ್ದು.

ಆಮೇಲೆ ಕೊಬ್ಬರಿ ಕದ್ದನೆಂಬ ಆರೋಪ, ಜೈಲು. ಅಲ್ಲಿ ಬಿದ್ದ ಏಟಿಗೆ ಬಲಗೈ ಮುರಿಯಿತು. ಯಾರೂ ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ಕಳ್ಳತನದ ಕೇಸಿಗೆ ಕೋರ್ಟೇ ವಕೀಲರನ್ನು ಕೊಟ್ಟಿತ್ತು. ಕೈಗಾಗಿ ಜೈಲಿನ ಮೇಲೆ ಹಾಕಿದ ಕೇಸಿಗೂ ಒಬ್ಬರನ್ನು ಕೊಡಿ ಎಂದು ಅವನು ಅರ್ಜಿ ಹಾಕಿದ್ದ. ಅವನನ್ನು ಜೈಲಿನಲ್ಲೇ ಕೂರಿಸಿ ವಿಡಿಯೋದಲ್ಲಿ ನಡೆಸಿದ ವಿಚಾರಣೆಯಲ್ಲಿ ಜಡ್ಜ್ ಸಾಹೇಬರು, "ಹೇಗಿದ್ದೀಯಪ್ಪ? ತೊಂದರೆ ಏನಾದರೂ?" ಎಂದು ಕೇಳಿದರು. ದೊಡ್ಡವರು ಕ್ಷೇಮ ಕೇಳಿದರೆ ಊರಲ್ಲಿ ಹೇಳುವ ಹಾಗೆ, "ಚೆನ್ನಾಗಿದೀನಿ ಸ್ವಾಮಿ" ಎಂದುಬಿಟ್ಟ.

ದೂರೇ ಇಲ್ಲದವನಿಗೆ ವಕೀಲರೇಕೆ ಎಂದು ಇವತ್ತು ಅರ್ಜಿ ವಜಾ ಆಯಿತು.

"ಅಷ್ಟೊಂದು ಮರ್ಯಾದೆ ಬೇಕಿತ್ತೇನೋ ನಿಂಗೆ?"

"ಪ್ರೀತಿಯಾಗಿ ಕೇಳುದ್ರು ಕಣೇ. ಚೆನ್ನಾಗಿಲ್ಲ ಅಂತ ಹೆಂಗನ್ನದು?"

"ನಾನೂ ಪ್ರೀತಿಯಾಗೇ ಕೇಳಿದ್ನಲ್ಲ, ಮದ್ವೆ ಆಯ್ತೀಯಾ ಅಂತ. ಆಗ ಮಾತ್ರ ನೋಡಾಣ ಅಂದೆ!"

ಅವನ ಕಣ್ಣಂಚಿನಲ್ಲಿ ನಗೆ ಮಿಂಚಿತು, ಹಾಗೇ ಆರಿಹೋಯಿತು.

"ಇನ್ನು ನನ್ನ ಕಾಯ್ಬೇಡ ಮಧು. ಈ ಕೈ ಇನ್ನು ಕಾಯಿ ಸುಲಿಯಲ್ಲ. ನಮ್ಮ ಪರವಾಗಿ ಕೇಳೋರೂ ಇಲ್ಲ."

ಸೊಟ್ಟಗೆ ಕೂಡಿಕೊಂಡ ಅವನ ಬೆರಳುಗಳನ್ನು ಅವಳು ವೇಲಿನ ಮರೆಯಲ್ಲಿ ಹಿಡಿದುಕೊಂಡಳು.

"ನಂಗಾದ್ರೂ ನಿಜ ಹೇಳು. ಹೆಂಗಿದೀಯಾ?"

ಅವನು ತಲೆ ತಗ್ಗಿಸಿದ.

"ಚೆನ್ನಾಗಿಲ್ಲ ಕಣೇ. ಕೈ ನೋಯ್ತದೆ. ನೀನಿಲ್ದೆ ಒಂಚೂರೂ ಚೆನ್ನಾಗಿಲ್ಲ."

ಅವನು ಬಾಯಿಬಿಟ್ಟು ಹೇಳಿದ ಪ್ರೀತಿಯ ಮಾತು ಅದೊಂದೇ. ಕೋರ್ಟಿಗೆ ಬೇಕಿದ್ದ ಉತ್ತರವೂ ಅದೇ ಆಗಿತ್ತು. ಒಳಗೆ ಆಗಲೇ ಬೇರೆ ಯಾರದೋ ಹೆಸರು ಕೂಗುತ್ತಿದ್ದರು.

ವ್ಯಾನು ಬಂತು. ಅವಳ ಡಬ್ಬಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಗೇ ಉಳಿದಿತ್ತು. ಹೊರಗಿನ ಊಟ ಕೊಡುವಂತಿಲ್ಲ ಎಂದು ಬೆಳಿಗ್ಗೆ ಗದರಿದ್ದ ಪೇದೆ ಹಾಲಸ್ವಾಮಿ ಅತ್ತಿತ್ತ ನೋಡಿದರು. ಡಬ್ಬಿಯನ್ನು ಅವಳಿಂದ ತೆಗೆದುಕೊಂಡು, ಒಂದೇ ಕೈಯಲ್ಲಿ ತಿನ್ನುವ ಹಾಗೆ ರೊಟ್ಟಿಯನ್ನು ಸಣ್ಣಗೆ ಮುರಿದು, ಬಾಲರಾಜುವಿನ ಎಡಗೈಗೆ ಕೊಟ್ಟರು.